ಅಂಗಾಲಿನ ಹಳೇ ಹುಣ್ಣಿಗೆ ಪಿಆರ್‌ಪಿ: ನಾನು ಮಾಡುವ ಕ್ರಮ

ಮಂಡ್ಯ ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೆ ಕಬ್ಬಿನ ಕೂಳೆ ಚುಚ್ಚಿದರೆ ಎಷ್ಟೋ ಸಲ ಅವರಿಗೆ ಗೊತ್ತೇ ಆಗುವುದಿಲ್ಲ, ಸ್ಪರ್ಶ ಹೋಗಿರುತ್ತದೆ. ಮೇಲೆ ಕಾಫಿಪುಡಿ, ಅರಿಶಿನ ಮೆತ್ತಿಕೊಂಡು ತಿಂಗಳುಗಟ್ಟಲೆ ಓಡಾಡಿರುತ್ತಾರೆ. ಇಂಥ ಹುಣ್ಣಿಗೆ ಬಂದ ದಿನವೇ ಪಿಆರ್‌ಪಿ (ರೋಗಿಯ ರಕ್ತದಿಂದಲೇ ತೆಗೆದ, ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಪ್ಲಾಸ್ಮಾ) ಹಾಕಬಾರದು. ಮೊದಲು ಪ್ರೋಬ್ (ಮೊಂಡು ತುದಿಯ ಲೋಹದ ಕಡ್ಡಿ) ಇಳಿಸಿ ನೋಡಿ; ಮೂಳೆ ತಾಗಿದರೆ ಎಕ್ಸ್‌ರೇ, ಮೂಳೆಯ ಸೋಂಕಿಗೆ ಚಿಕಿತ್ಸೆ. ಪಾದದ ನಾಡಿ ಸಿಗದಿದ್ದರೆ ಡಾಪ್ಲರ್, ಅಂದರೆ ರಕ್ತ ಹರಿವಿನ ಪರೀಕ್ಷೆ. ಹಿಮೋಗ್ಲೋಬಿನ್ 10ಕ್ಕಿಂತ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿದ್ದರೆ ನಾನು ಮುಂದೂಡುತ್ತೇನೆ.

20 ಮಿ.ಲೀ. ರಕ್ತವನ್ನು ಎಸಿಡಿ-ಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ) ಟ್ಯೂಬಿಗೇ ತೆಗೆಯಬೇಕು. ಲ್ಯಾಬಿನ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಡ, ಅದು ಪ್ಲೇಟ್‌ಲೆಟ್ ಕೆಡಿಸುತ್ತದೆ. ಟ್ಯೂಬನ್ನು ಮೆಲ್ಲಗೆ ಮಗುಚಿ, ಕುಲುಕಬೇಡಿ. ಫ್ರಿಜ್ಜಿಗೂ ಇಡಬೇಡಿ.

ಹೆಚ್ಚಿನವರು ಎಡವುವುದು ಟ್ಯೂಬನ್ನು ಜೋರಾಗಿ ತಿರುಗಿಸಿ ರಕ್ತದ ಪದರ ಬೇರ್ಪಡಿಸುವ ಸೆಂಟ್ರಿಫ್ಯೂಜಿನಲ್ಲಿ. ಬೇರೆಯವರ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಹಾಗೇ ತೆಗೆದುಕೊಂಡರೆ ಆಗದು, ರೋಟರಿನ ತ್ರಿಜ್ಯ ಅಳೆಯಬೇಕು. 10 ಸೆಂ.ಮೀ. ತ್ರಿಜ್ಯಕ್ಕೆ 1500 ಆರ್‌ಪಿಎಂ ಅಂದರೆ ಸುಮಾರು 250 ಜಿ (ಗುರುತ್ವ ಬಲದ 250 ಪಟ್ಟು), 15 ಸೆಂ.ಮೀ. ಇದ್ದರೆ ಅದೇ ವೇಗಕ್ಕೆ ಸುಮಾರು 375 ಜಿ. ನನ್ನದು 10 ಸೆಂ.ಮೀ. ರೋಟರ್. ಮೊದಲ ಸುತ್ತು 1500ರಲ್ಲಿ 10 ನಿಮಿಷ. ಮೇಲಿನ ಹಳದಿ ಪ್ಲಾಸ್ಮಾ, ಅದರಡಿಯ ತೆಳು ಬಿಳಿ ಪದರ ಎರಡನ್ನೂ ಸ್ಟೆರೈಲ್ ಖಾಲಿ ಟ್ಯೂಬಿಗೆ ಎಳೆದು, 3000ರಲ್ಲಿ ಮತ್ತೆ 10 ನಿಮಿಷ. ಈಗ ತಳದಲ್ಲಿ ಗುಂಡುಸೂಜಿ ತಲೆಯಷ್ಟು ನಸುಗೆಂಪು ಗುಂಡಿ ಕೂತಿರುತ್ತದೆ. ಔಷಧಿ ಇರುವುದು ಅಲ್ಲೇ. ಮೇಲಿನ ಮೂರನೇ ಎರಡು ಭಾಗ ತೆಗೆದುಹಾಕಿ, ಉಳಿದ 2-3 ಮಿ.ಲೀ.ಯಲ್ಲಿ ಆ ಗುಂಡಿ ಪೂರ್ತಿ ಕದಡುವವರೆಗೆ ಟ್ಯೂಬನ್ನು ನಿಧಾನವಾಗಿ ತಿರುಗಿಸಿ.

ಟ್ಯೂಬ್ ತಿರುಗುತ್ತಿರುವಾಗಲೇ ಹುಣ್ಣಿನ ಕೊಳೆ, ಅಂಚಿನ ದಡ್ಡು ಕೆರೆದು, ರಕ್ತ ನಿಲ್ಲಿಸಿ, ಸಲೈನಿನಲ್ಲಿ ತೊಳೆದಿರಬೇಕು. ಪೊವಿಡೋನ್ ಅಯೋಡಿನ್ ಉಳಿದರೆ ಹೊಸ ಜೀವಕೋಶಕ್ಕೆ ಪೆಟ್ಟು. ಕೊನೆಗೆ 1 ಮಿ.ಲೀ. ಪಿಆರ್‌ಪಿಗೆ 10 ಶೇಕಡಾ ಕ್ಯಾಲ್ಸಿಯಂ ಕ್ಲೋರೈಡ್ 0.1 ಮಿ.ಲೀ. ಬೆರೆಸಿ, ಬಟ್ಟಲಲ್ಲಿ ಗಸಗಸೆ ಪಾಯಸದಷ್ಟು ಮಂದವಾಗುವವರೆಗೆ ಕಾಯಿರಿ. ನೀರಾಗಿದ್ದಾಗ ಸುರಿದರೆ ಹಿಮ್ಮಡಿಯಿಂದ ಜಾರಿ ಹೋಗುತ್ತದೆ. ಮೇಲೆ ಪ್ಯಾರಾಫಿನ್ ಗಾಜ್, ಒಣ ಗಾಜ್, ಸಡಿಲ ಬ್ಯಾಂಡೇಜ್. ನೆಂದರೆ ಹೊರಗಿನದನ್ನಷ್ಟೇ ಬದಲಿಸಿ, ಒಳಗಿನದು ಏಳನೇ ದಿನದವರೆಗೆ ಇರಲಿ.

ಪ್ರತಿ ವಾರ ಪಾರದರ್ಶಕ ಹಾಳೆಯ ಮೇಲೆ ಹುಣ್ಣಿನ ಅಂಚು ಗೆರೆ ಎಳೆದು ಇಟ್ಟುಕೊಳ್ಳುತ್ತೇನೆ. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಪಿಆರ್‌ಪಿ ನಿಲ್ಲಿಸಿ, ಸೋಂಕು, ರಕ್ತಸಂಚಾರ, ಶುಗರ್ ಮೂರನ್ನೂ ಮೊದಲಿಂದ ನೋಡಬೇಕು. ಡ್ರೆಸ್ಸಿಂಗ್ ಬಿಚ್ಚಿದಾಗ ಅಂಚು ಮತ್ತೆ ಬೆಳ್ಳಗೆ ದಡ್ಡುಗಟ್ಟಿ, ಅದರೊಳಗೆ ಕಪ್ಪು ರಕ್ತದ ಚುಕ್ಕೆ ಕಂಡರೆ ಆ ಕಾಲಿನ ಮೇಲೆ ಭಾರ ಬಿದ್ದಿದೆ ಎಂದೇ ಅರ್ಥ. ಆಗ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿಯಲ್ಲಿ ಹುಣ್ಣಿನ ಜಾಗಕ್ಕೆ ಗುಳಿ ಕೊರೆಸಿದ ಮೇಲೆಯೇ ಮತ್ತೆ ರಕ್ತ ತೆಗೆಯುವುದು.