ಮನೆಯಲ್ಲೇ ಮೆಲಟೋನಿನ್ ಅಳೆಯುವ ಸಂಜೆ: ನಮ್ಮ ಅನುಭವ

ಜೈವಿಕ ಗಡಿಯಾರವನ್ನು ಜನರ ಮನೆಯಲ್ಲೇ ಅಳೆಯಲು ನಾವು ಎರಡನ್ನು ಬಳಸುತ್ತೇವೆ: ಮಣಿಕಟ್ಟಿಗೆ ಕಟ್ಟುವ ಚಲನೆ ದಾಖಲಿಸುವ ಪಟ್ಟಿ, ಮತ್ತು ಜೊಲ್ಲಿನಲ್ಲಿರುವ ಮೆಲಟೋನಿನ್, ಅಂದರೆ ರಾತ್ರಿಯಾಗುತ್ತಿದ್ದಂತೆ ದೇಹದಲ್ಲಿ ಏರುವ ಹಾರ್ಮೋನು. ಯಾವಾಗ ಮಲಗಿದರು, ಯಾವಾಗ ಎದ್ದರು ಎಂಬುದನ್ನು ಪಟ್ಟಿ ಹೇಳುತ್ತದೆ. ಒಳಗಿನ ಗಡಿಯಾರದ ಹೊತ್ತು ತಿಳಿಯಬೇಕಾದರೆ ಮಂದ ಬೆಳಕಿನಲ್ಲಿ ಮೆಲಟೋನಿನ್ ಏರತೊಡಗುವ ಗಳಿಗೆಯನ್ನೇ ಹಿಡಿಯಬೇಕು.

ಬರೆಯದ ಕೈಯಲ್ಲಿ ಪಟ್ಟಿ ಎರಡು ವಾರ ಇರಬೇಕು. ರಜೆಯ ದಿನಗಳು ಸೇರದಿದ್ದರೆ ಅಲಾರಂ ಇಲ್ಲದ ನಿದ್ದೆ ಕಾಣುವುದೇ ಇಲ್ಲ. ಸ್ನಾನಕ್ಕೆಂದು ಬಿಚ್ಚಿಟ್ಟಾಗ ಬರುವ ಸೊನ್ನೆಗಳು ನಿದ್ದೆಯ ಹಾಗೇ ಕಾಣುತ್ತವೆ. ಚರ್ಮದ ಉಷ್ಣತೆ ನೋಡಿ ಬೇರ್ಪಡಿಸಬಹುದು, ಆದರೆ ಕಲಬುರಗಿಯ ಏಪ್ರಿಲ್‌ನಲ್ಲಿ ಕೋಣೆಯೇ ಚರ್ಮದಷ್ಟು ಬಿಸಿಯಿರುತ್ತದೆ. ಆಗ ನಿದ್ದೆಯ ಡೈರಿಯೇ ಗತಿ.

ಹೆಚ್ಚು ಕೆಡುವುದು ಜೊಲ್ಲಿನ ಸಂಜೆ. ರಾತ್ರಿ 11ಕ್ಕೆ ಮಲಗುವವರಿಗೆ ಸಂಜೆ 6ರಿಂದ 12ರವರೆಗೆ ಅರ್ಧ ಗಂಟೆಗೊಂದರಂತೆ 13 ಕೊಳವೆ ಜೊಲ್ಲು. 5ಕ್ಕೇ ಪರದೆ ಎಳೆದು, ಟ್ಯೂಬ್‌ಲೈಟ್, ಟಿವಿ ಆರಿಸಿ, ಒಂದು ಜೀರೋ ಬಲ್ಬ್ ಮಾತ್ರ ಹಾಕಬೇಕು. ಬೆಳಕು 10 ಲಕ್ಸ್‌ಗಿಂತ ಕಡಿಮೆ ಇರಬೇಕು. ಲಕ್ಸ್ ಮೀಟರನ್ನು ಮೇಜಿನ ಮೇಲಿಟ್ಟು ಅಳೆಯುವುದು ತಪ್ಪು. ಕುಳಿತವರ ಕಣ್ಣಿನ ಮಟ್ಟದಲ್ಲಿ, ಅವರು ನೋಡುವ ದಿಕ್ಕಿಗೆ ಹಿಡಿಯಬೇಕು. ನಡುವೆ ಅಡುಗೆಮನೆಯ ದೀಪ ಹಾಕಿದರೆ ಏರುತ್ತಿದ್ದ ಮೆಲಟೋನಿನ್ ಇಳಿದುಬಿಡುತ್ತದೆ. ಅದಕ್ಕೇ ಊಟ ಮೊದಲೇ ತಯಾರಾಗಿರಲಿ. ಮಾದರಿ ಕೊಟ್ಟ ಕೂಡಲೇ ಉಂಡು, ಮುಂದಿನದಕ್ಕೆ 10 ನಿಮಿಷ ಮೊದಲು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಆಮೇಲೆ ಅಲ್ಲಾಡದೆ ಕೂರಬೇಕು. ಕಾಫಿ, ಟೀ, ಬಾಳೆಹಣ್ಣು, ಎಲೆಯಡಿಕೆ ಬೇಡ. ಹಲ್ಲುಜ್ಜಿದರೆ ವಸಡಿನ ರಕ್ತ ಸೇರುತ್ತದೆ. ನೋವಿಗೆ ನುಂಗುವ ಐಬುಪ್ರೊಫೆನ್, ಬಿಪಿ ಮತ್ತು ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಮೆಲಟೋನಿನ್ ತಗ್ಗಿಸುತ್ತವೆ. ಮಾತ್ರೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ, ಅಂಥವರ ಮಾದರಿ ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ಕೊಳವೆಗಳನ್ನು ಇಡಬೇಕಾದ ಫ್ರಿಜ್ಜಿನದು ಬೇರೆಯೇ ಮಾತು. ಎಂಜಲನ್ನು ಹಾಲು, ಹಿಟ್ಟಿನ ಪಕ್ಕ ಇಡಲು ಮನೆಯ ಹಿರಿಯರು ಒಪ್ಪುವುದಿಲ್ಲ, ಅದು ನ್ಯಾಯವೇ. ಕೊಳವೆಗಳನ್ನು ಜಿಪ್ ಚೀಲಕ್ಕೆ, ಚೀಲವನ್ನು ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, "ಅಮ್ಮಾ, ನಾಳೆ ಬೆಳಿಗ್ಗೆ ಡಬ್ಬಿ ಸಮೇತ ಒಯ್ಯುತ್ತೇವೆ" ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇವೆ. ಹೇಳದೆ ಹೋದರೆ ಕೊಳವೆಗಳು ರಾತ್ರಿಯಿಡೀ ಕಿಟಕಿಯಲ್ಲೇ ಉಳಿಯುತ್ತವೆ.

ಕೊನೆಗೆ ಸಮಯ. ಚೀಟಿಯಲ್ಲಿ 8:00, 8:30, 9:00 ಎಂದು ಅಚ್ಚುಕಟ್ಟಾಗಿ ಬರೆದಿದ್ದರೆ ನಮಗೆ ಅನುಮಾನವೇ ಹೆಚ್ಚು. ಫೋಟೋ ತೆಗೆಯಲು ಹೇಳಿದರೆ ಮೊಬೈಲಿನ ಬೆಳಕು ಕಣ್ಣಿಗೆ ಬೀಳುತ್ತದೆ. ಅದರ ಬದಲು ಕೊಳವೆ ಮುಚ್ಚಿದೊಡನೆ ಪಟ್ಟಿಯ ಗುಂಡಿ ಒತ್ತಲು ಹೇಳುತ್ತೇವೆ. ಸಮಯ ಅದರಲ್ಲೇ ದಾಖಲಾಗುತ್ತದೆ. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಮೆಲಟೋನಿನ್ 3 ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯಲ್ಲೊಂದು ಭಾಗ ಒಂದು ಪಿಕೋಗ್ರಾಂ) ದಾಟಿದ ಗಳಿಗೆಯೇ ಅದು ಏರತೊಡಗಿದ ಗಳಿಗೆ ಎಂದು ನಮ್ಮ ಲೆಕ್ಕ. 8:30ಕ್ಕೆ 2, 9ಕ್ಕೆ 4 ಪಿಕೋಗ್ರಾಂ ಬಂದಿದ್ದರೆ, 3ರ ಗೆರೆ ದಾಟಿದ್ದು 8:45ಕ್ಕೆ. ಆ ಎರಡನೆಯ ಕೊಳವೆ ನಿಜಕ್ಕೂ 9:20ರದ್ದಾಗಿದ್ದರೆ ಉತ್ತರ 8:55 ಆಗುತ್ತದೆ. ಕೊನೆಯ ಕೊಳವೆಯವರೆಗೂ 3 ದಾಟದವರೂ ಇದ್ದಾರೆ; ಅವರಿಗೆ ಮೊದಲ ಮೂರು ಮಾದರಿಗಳ ಸರಾಸರಿಗೆ ಎರಡು ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ) ಕೂಡಿಸಿ ಗೆರೆ ಎಳೆಯುತ್ತೇವೆ.