ಮಾಯಾ ಬೇ ಕೊಲ್ಲಿಗೆ ಹೋಗುವುದಾದರೆ ಮೊದಲ ದೋಣಿ ಹಿಡಿಯಿರಿ

ಕೊಡಗಿನ ಕಕ್ಕಬ್ಬೆಯ ನಮ್ಮ ಮನೆಯಲ್ಲಿ ಮೂರು ಕೋಣೆಗಳ ಹೋಂಸ್ಟೇ ಇದೆ. ಹಾಗಾಗಿ ಜನಜಂಗುಳಿಯ ವಿಷಯದಲ್ಲಿ ನನಗೂ ಸ್ವಲ್ಪ ಪಾಂಡಿತ್ಯ ಉಂಟು. ಶನಿವಾರ ಬೆಂಗಳೂರಿನ ಕಾರುಗಳು ಕುಶಾಲನಗರ ದಾಟುವುದು ಎಷ್ಟು ಹೊತ್ತಿಗೆ, ರಾಜಾಸೀಟಿನಲ್ಲಿ ಸೂರ್ಯನ ಬದಲು ಮೊಬೈಲುಗಳೇ ಕಾಣುವುದು ಯಾವಾಗ, ಎಲ್ಲ ಬಾಯಿಪಾಠ. ಇಷ್ಟಿದ್ದೂ ಥಾಯ್ಲೆಂಡಿನ ಮಾಯಾ ಬೇ ಕೊಲ್ಲಿಗೆ ಮೊದಲ ಸಲ ಹೋದಾಗ ನಮ್ಮ ಅತಿಥಿಗಳು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಫುಕೆಟ್‌ನಲ್ಲಿ ಉಳಿದು, ಹೋಟೆಲಿನ ತಿಂಡಿ ಸಾವಕಾಶವಾಗಿ ಮುಗಿಸಿ, ಒಂದು ದಿನದ ಪ್ಯಾಕೇಜಿನ ಸ್ಪೀಡ್‌ಬೋಟ್ ಹತ್ತಿದೆ. ತಲುಪುವಾಗ ನಡುಮಧ್ಯಾಹ್ನ. ನೋಡಿದ್ದು ಸಮುದ್ರವನ್ನಲ್ಲ, ಬೆನ್ನುಗಳನ್ನು.

2000ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರ ಈ ಪುಟ್ಟ ಕೊಲ್ಲಿಯನ್ನು ಜಗತ್ತಿಗೆಲ್ಲ ತೋರಿಸಿತು. ಆಮೇಲೆ ದಿನಕ್ಕೆ ಸಾವಿರಾರು ಜನ. ದೋಣಿಗಳ ಲಂಗರು ಬಿದ್ದು ಹವಳ ಹಾಳಾಯಿತು. 2018ರ ಜೂನ್‌ನಲ್ಲಿ ಬಾಗಿಲು ಹಾಕಿದ ಸರಕಾರ ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಈಗ ಒಂದು ಹೊತ್ತಿಗೆ ಇಷ್ಟೇ ಜನ ಎಂಬ ಮಿತಿ ಇದೆ, ಈಜಲು ಬಿಡುವುದಿಲ್ಲ. ನೀರಿಗೆ ಇಳಿಯಬಹುದಾದದ್ದು ಗುರುತು ಮಾಡಿದ ಜಾಗದಲ್ಲಿ, ಮೊಣಕಾಲಿನ ತನಕ. ‘ಈಜಲು ಬಿಡದ ಸಮುದ್ರಕ್ಕೆ ಅಷ್ಟು ದುಡ್ಡು ಸುರಿದು ಹೋಗಬೇಕಾ ಮಗಳೇ?’ ಎಂದು ನನ್ನ ಅತ್ತೆ ಕೇಳಿದ್ದರು. ಅದಕ್ಕೆ ಉತ್ತರ ಕೊನೆಯಲ್ಲಿದೆ.

ಮೊದಲು ತಿಂಗಳ ಲೆಕ್ಕ. ನಮ್ಮಂಥ ಕಾಫಿಯವರಿಗೆ ಇದೇ ದೊಡ್ಡ ತಲೆನೋವು. ನಾಟಿ ಮುಗಿದು ಕೈಲ್ ಪೊಳ್ದ್ ಹಬ್ಬ ಬರುವಾಗ ನಮಗೆ ಬಿಡುವು; ಆದರೆ ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಮಾಯಾ ಬೇ ಮುಚ್ಚಿರುತ್ತದೆ. ನಮ್ಮನ್ನು ನೆನೆಸುವ ಮುಂಗಾರೇ ಅಲ್ಲಿಯ ಅಂಡಮಾನ್ ಸಮುದ್ರವನ್ನೂ ಕಲಕುತ್ತಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಕಡಲು ಶಾಂತ, ಇಲ್ಲಿ ಕಣದ ತುಂಬ ರೋಬಸ್ಟಾ. ಏಪ್ರಿಲ್ ನಡುವಿನಲ್ಲಿ ಅವರ ಹೊಸ ವರ್ಷ ಸಾಂಗ್‌ಕ್ರಾನ್, ಆ ನೂಕುನುಗ್ಗಲು ಬೇಡವೇ ಬೇಡ. ನಮಗೆ ಹೊಂದಿದ್ದು ಹುತ್ತರಿ ಹಬ್ಬಕ್ಕೆ ಮೊದಲಿನ ನವೆಂಬರ್. ಒಂದೆರಡು ಮಳೆ ಬಿದ್ದೀತು. ಕೊಡಗಿನವರು ಅದಕ್ಕೆ ಹೆದರುವುದುಂಟೇ?

ಎರಡನೆಯ ಸಲ ನಾನೂ ನಮ್ಮ ಯಜಮಾನರೂ ಫುಕೆಟ್‌ನಿಂದ ಫೆರಿ ಹಿಡಿದು ಸೀದಾ ಫಿ ಫಿ ಡಾನ್ ದ್ವೀಪಕ್ಕೆ ಹೋಗಿ ಎರಡು ರಾತ್ರಿ ಉಳಿದೆವು. ಸುಮಾರು ಎರಡು ತಾಸಿನ ಪ್ರಯಾಣ. ಮಾಯಾ ಬೇ ಇರುವುದು ಪಕ್ಕದ ಫಿ ಫಿ ಲೇಯಲ್ಲಿ. ಅಲ್ಲಿ ಯಾರೂ ಉಳಿಯುವಂತಿಲ್ಲ. ಹಿಂದಿನ ಸಂಜೆಯೇ ಟೊನ್ಸಾಯ್ ದಕ್ಕೆಯಲ್ಲಿ ಉದ್ದಬಾಲದ ದೋಣಿಯವನೊಬ್ಬನನ್ನು ಮಾತಾಡಿಸಿ, ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಬೇಕು ಎಂದು ಒಪ್ಪಿಸಿ. ದರ ಮೊದಲೇ ಮಾತಾಡಿಕೊಳ್ಳಿ. ಮಾಯಾ ಬೇ ಇರುವ ರಾಷ್ಟ್ರೀಯ ಉದ್ಯಾನದ ಶುಲ್ಕ ವಿದೇಶಿ ವಯಸ್ಕರಿಗೆ 400 ಬಾತ್, ಅಂದರೆ ನಮ್ಮ ಸಾವಿರ ರೂಪಾಯಿಯ ಆಸುಪಾಸು. ಅದು ದೋಣಿಯ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಲು ಮರೆಯಬೇಡಿ.

ಈ ದೋಣಿಯೇ ಒಂದು ನೋಟ. ಹಿಂಬದಿಯಲ್ಲಿ ಬರಿಮೈಯ ವಾಹನದ ಎಂಜಿನ್, ಅದಕ್ಕೆ ಮಾರುದ್ದದ ಕಬ್ಬಿಣದ ದಂಡ, ತುದಿಯಲ್ಲಿ ಫ್ಯಾನಿನಂಥ ರೆಕ್ಕೆ. ಮೂತಿಗೆ ಬಣ್ಣಬಣ್ಣದ ಪಟ್ಟಿ, ಹೂವಿನ ಮಾಲೆ. ದೋಣಿ ಕಾಯುವ ಮೇ ಯಾ ನಾಂಗ್ ದೇವತೆಗಂತೆ. ನಮ್ಮ ಜೀಪಿನ ಮೂತಿಗೆ ಕಟ್ಟುವ ನಿಂಬೆಹಣ್ಣು ನೆನಪಾಯಿತು. ಎಂಜಿನ್ ಸದ್ದಿಗೆ ಕಿವಿಗೆ ಹತ್ತಿ ಇರಲಿ.

ದೋಣಿಗಳು ಈಗ ಕೊಲ್ಲಿಯೊಳಗೆ ಬರುವಂತಿಲ್ಲ. ಹಿಂಬದಿಯ ಲೋ ಸಮಾದಲ್ಲಿ ಇಳಿದು, ಕಾಡಿನ ನಡುವೆ ಹಾಕಿದ ಹಲಗೆಯ ದಾರಿಯಲ್ಲಿ ಕೆಲವೇ ನಿಮಿಷ ನಡೆಯಬೇಕು. ಅಭ್ಯಾಸಬಲದಿಂದ ಜಿಗಣೆಗಾಗಿ ಕಾಲು ನೋಡಿಕೊಂಡೆ. ಮರಗಳು ಮುಗಿದಲ್ಲಿ ಸುಣ್ಣಕಲ್ಲಿನ ಗೋಡೆಗಳ ನಡುವೆ ಬಿಳಿ ಮರಳು. ಮರಳಿನ ಮೇಲೆ ನಮ್ಮನ್ನೂ ಸೇರಿಸಿ ಇಪ್ಪತ್ತು ಜನ ಇದ್ದಿರಬಹುದು. ಎಲ್ಲರೂ ಫೋಟೋ ತೆಗೆಯುವ ನಡುದಂಡೆ ಬಿಟ್ಟು ಒಂದು ಬದಿಗೆ ಹೋಗಿ ಸುಮ್ಮನೆ ನಿಂತುಕೊಳ್ಳಿ. ಐದು ನಿಮಿಷ ಕಳೆದ ಮೇಲೆ ಮೊಳದುದ್ದದ ಒಂದು ಶಾರ್ಕ್ ಮರಿ ದಡದ ಅಂಚಿನಲ್ಲೇ ತೇಲಿ ಬಂತು. ಬೆನ್ನಿನ ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪು. ನಮ್ಮ ನೆರಳು ಬಿದ್ದ ಕೂಡಲೇ ಗಕ್ಕನೆ ತಿರುಗಿ ಹೋಯಿತು. ಬಾಗಿಲು ಹಾಕಿದ ಆ ವರ್ಷಗಳಲ್ಲಿ ಇವು ಮರಳಿ ಬಂದದ್ದು. ಈಜಲು ಬಿಡದಿರುವುದೂ ಇವುಗಳಿಗಾಗಿಯೇ.

ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂದೆ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇದ್ದರೆ ಬೇಡ. ಹವಳಕ್ಕೆ ಕೆಡುಕೆಂದು 2021ರಿಂದ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷಿದ್ಧ. ಉದ್ದ ತೋಳಿನ ಹಳೆಯ ಅಂಗಿಯೇ ವಾಸಿ.

ನಾವು ಮರಳುವಾಗ ಸ್ಪೀಡ್‌ಬೋಟುಗಳು ಎದುರಾದವು, ಮಾಂದಲ್‌ಪಟ್ಟಿಯ ಜೀಪುಗಳ ಹಾಗೆ ಒಂದರ ಹಿಂದೊಂದು. ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ ಹೊಡೆದೆವು. ಒಂದು ದಿನಕ್ಕೆಂದು ಬಂದವರು ಸಂಜೆ ಹೊರಟ ಮೇಲೆ ಫಿ ಫಿ ಡಾನ್‌ನಲ್ಲೇ ಇರುವ ಲಾಂಗ್ ಬೀಚಿಗೆ ಹೋಗಿ. ಅಲ್ಲಿ ಬೇಕಾದಷ್ಟು ಈಜಬಹುದು, ಅತ್ತೆಗೆ ಹೇಳಬೇಕಾದದ್ದು ಅದನ್ನೇ. ಕಾವೇರಿಯಲ್ಲಿ ಈಜು ಕಲಿತ ಯಜಮಾನರು ಮೊದಲ ಮುಳುಗಿಗೇ ಉಪ್ಪುನೀರು ಕುಡಿದು ಮೇಲೆದ್ದು, ‘ಇದನ್ನು ಕುಡಿಯಲಾಗುವುದಿಲ್ಲ ಮಾರಾಯ್ತಿ’ ಎಂದರು.