ಲ್ಯಾಪ್‌ಟಾಪಿಗೂ ಪ್ರೊಡಕ್ಷನ್ನಿಗೂ ಒಂದೇ ಸರ್ವರ್: ನನ್ನ ಅನುಭವ

ಬಿಲ್ಲಿನ ಪಿಡಿಎಫ್ ಬಟನ್ ಒತ್ತಿದರೆ ಪುಟ ಸುಮ್ನೆ ತಿರುಗುತ್ತಲೇ ಇರುತ್ತಿತ್ತು. ಎರರ್ ಇಲ್ಲ. ಸರ್ವರ್ ಬರೆದಿಡುವ ಲಾಗ್‌ನಲ್ಲಿ ರಿಕ್ವೆಸ್ಟ್ (ಬ್ರೌಸರ್ ಕಳಿಸುವ ಕೋರಿಕೆ) ಶುರುವಾದ ಸಾಲು ಕಾಣುತ್ತಿತ್ತು, ಮುಗಿದ ಸಾಲು ಕಾಣುತ್ತಿರಲಿಲ್ಲ. ಸರ್ವರ್ ನಿಲ್ಲಿಸುವವರೆಗೂ ಅದೇ ಕಥೆ. ವೆಬ್ ಆ್ಯಪ್ ಬರೆಯಲು ನಾವು ಬಳಸುತ್ತಿದ್ದದ್ದು ರೂಬಿ ಭಾಷೆಯ ರೇಲ್ಸ್ ಚೌಕಟ್ಟು; ರೇಲ್ಸ್ 4ರ ಕಾಲ ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದದ್ದು ವೆಬ್‌ರಿಕ್. ಆಗ ರೂಬಿಯ ಜೊತೆಗೇ ಬರುತ್ತಿದ್ದ ಸರ್ವರ್ ಅದು. 'ರೇಲ್ಸ್ ಸರ್ವರ್' ಅಂತ ಟೈಪ್ ಮಾಡಿದರೆ ತಾನಾಗಿ ಅದೇ ಶುರುವಾಗುತ್ತಿತ್ತು. ಹಾಗಾಗಿ ಸರ್ವರ್ ಆರಿಸುವುದು ಅಂತ ಒಂದು ಕೆಲಸ ಇದೆ ಅನ್ನುವುದೇ ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಪಿಡಿಎಫ್ ಮಾಡಲು ನಾವು ಡಬ್ಲ್ಯುಕೆ-ಎಚ್‌ಟಿಎಂಎಲ್-ಟು-ಪಿಡಿಎಫ್ ಬಳಸುತ್ತಿದ್ದೆವು. ಕೊಟ್ಟ ಪುಟವನ್ನು ಅದು ಬ್ರೌಸರಿನ ಹಾಗೆಯೇ ಓದುತ್ತದೆ. ಒಳಗೆ ಚಿತ್ರದ ವಿಳಾಸ ಕಂಡರೆ ಹೋಗಿ ತರುತ್ತದೆ. ನಮ್ಮ ಬಿಲ್ಲಿನಲ್ಲಿ ಬಾರ್‌ಕೋಡ್ ಇತ್ತು. ಆ ಬಾರ್‌ಕೋಡ್ ಚಿತ್ರವನ್ನು ಬರೆದು ಕೊಡುತ್ತಿದ್ದದ್ದೂ ಅದೇ ರೇಲ್ಸ್ ಆ್ಯಪ್. ಈಗ ನೋಡಿ: ಬಿಲ್ಲಿನ ರಿಕ್ವೆಸ್ಟ್ ಪಿಡಿಎಫ್ ಮುಗಿಯಲಿ ಅಂತ ಕಾಯುತ್ತಿದೆ. ಪಿಡಿಎಫ್ ಬಾರ್‌ಕೋಡ್ ಬರಲಿ ಅಂತ ಕಾಯುತ್ತಿದೆ. ಬಾರ್‌ಕೋಡಿನ ರಿಕ್ವೆಸ್ಟ್, ಒಳಗಿರುವ ಬಿಲ್ಲಿನ ರಿಕ್ವೆಸ್ಟ್ ಹೊರಗೆ ಬರಲಿ ಅಂತ ಬಾಗಿಲಲ್ಲಿ ನಿಂತಿದೆ. ವೆಬ್‌ರಿಕ್ ಥ್ರೆಡ್ ಬಳಸುವ, ಅಂದರೆ ಒಂದೇ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಒಳಗೆ ಹಲವು ಕೆಲಸ ಒಟ್ಟಿಗೆ ನಡೆಸುವ, ಸರ್ವರೇ. ಆದರೆ ಆಗಿನ ರೇಲ್ಸ್ ಡೆವಲಪ್‌ಮೆಂಟ್ ಮೋಡಿನಲ್ಲಿ ರಾಕ್-ಲಾಕ್ ಅನ್ನುವ ಬೀಗ ಹಾಕಿ, ಒಂದು ಸಲಕ್ಕೆ ಒಂದೇ ರಿಕ್ವೆಸ್ಟನ್ನು ಒಳಗೆ ಬಿಡುತ್ತಿತ್ತು.

"ವೆಬ್‌ರಿಕ್ ತೆಗೆದು ಯೂನಿಕಾರ್ನ್ ಹಾಕಿ, ಎರಡು ವರ್ಕರ್ ಕೊಟ್ಟು ನೋಡಿ" ಅಂದರು ಪಕ್ಕದ ಸೀಟಿನವರು. ಯೂನಿಕಾರ್ನ್ ಇನ್ನೊಂದು ರೂಬಿ ಸರ್ವರ್; ವರ್ಕರ್ ಅಂದರೆ ಅದು ಓಡಿಸುವ ಆ್ಯಪಿನ ಒಂದು ಪ್ರತಿ. ಹಾಗೇ ಮಾಡಿದೆ. ಒಂದು ವರ್ಕರ್ ಬಿಲ್ ಮಾಡುವಾಗ ಇನ್ನೊಂದು ಬಾರ್‌ಕೋಡ್ ಕೊಟ್ಟಿತು. ಪಿಡಿಎಫ್ ಟಕ್ ಅಂತ ಬಂತು. ಪ್ರೊಡಕ್ಷನ್ನಿನಲ್ಲಿ, ಅಂದರೆ ಜನ ಬಳಸುವ ನಿಜವಾದ ಸೈಟಿನಲ್ಲಿ, ಹೇಗೂ ಯೂನಿಕಾರ್ನೇ ಇತ್ತು, ಅಲ್ಲಿ ನಾಲ್ಕು ವರ್ಕರ್. ಇದು ವೆಬ್‌ರಿಕ್‌ನ ತೊಂದರೆ ಅಂತ ಬರೆದು ಟಿಕೆಟ್ ಮುಚ್ಚಿದೆ.

ಅದು ವೆಬ್‌ರಿಕ್‌ನ ತೊಂದರೆ ಆಗಿರಲಿಲ್ಲ.

ಕೆಲವು ತಿಂಗಳ ನಂತರ, ಒಂದು ತಿಂಗಳ ಕೊನೆಯ ದಿನ ಇಡೀ ಸೈಟ್ ನಿಂತುಹೋಯಿತು. ಲಾಗಿನ್ ಪುಟವೂ ತೆರೆಯುತ್ತಿಲ್ಲ. ಒಂದು ನಿಮಿಷ ಕಾದರೆ ಮುಂದೆ ನಿಂತು ರಿಕ್ವೆಸ್ಟ್‌ಗಳನ್ನು ಯೂನಿಕಾರ್ನಿಗೆ ದಾಟಿಸುವ ಎಂಜಿನ್‌ಎಕ್ಸ್‌ನಿಂದ 504 (ಸಮಯಕ್ಕೆ ಉತ್ತರ ಬರಲಿಲ್ಲ ಅನ್ನುವ ಎರರ್) ಬರುತ್ತದೆ. ಸ್ವಲ್ಪ ಹೊತ್ತು ಸರಿಯಾಗುತ್ತದೆ, ಮತ್ತೆ ನಿಲ್ಲುತ್ತದೆ. ಸಿಪಿಯು ನೋಡಿದರೆ ಖಾಲಿ ಕೂತಿದೆ. ಮೆಮೊರಿ ಸರಿಯಾಗಿದೆ. ಡೇಟಾಬೇಸ್ ಆರಾಮಾಗಿದೆ. ಕೊನೆಗೆ ಯೂನಿಕಾರ್ನಿನ ಲಾಗ್‌ನಲ್ಲಿ ಸಾಲಾಗಿ ನಾಲ್ಕು ಎಂಟ್ರಿ ಕಣ್ಣಿಗೆ ಬಿದ್ದವು: ವರ್ಕರ್ 0, 1, 2, 3. ನಾಲ್ಕರ ಮುಂದೆಯೂ 61 ಸೆಕೆಂಡ್ ಆಯಿತು, ಮಿತಿ 60, ಹಾಗಾಗಿ ಕೊಲ್ಲುತ್ತಿದ್ದೇನೆ ಅನ್ನುವ ಮಾತು. ಯೂನಿಕಾರ್ನಿನ ಟೈಮೌಟ್ ನಾವೇನೂ ಹೇಳದಿದ್ದರೆ 60 ಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿಸದ ವರ್ಕರನ್ನು ಮಾಸ್ಟರ್ ಪ್ರೊಸೆಸ್ ಕೊಂದು, ಹೊಸದನ್ನು ಹುಟ್ಟಿಸುತ್ತದೆ.

ಆ ನಾಲ್ಕೂ ಏನು ಮಾಡುತ್ತಿದ್ದವು ಅಂತ ರೇಲ್ಸ್ ಲಾಗ್ ಜೊತೆ ಹೋಲಿಸಿದೆ. ನಾಲ್ಕೂ ಬಿಲ್ ಪಿಡಿಎಫ್. ತಿಂಗಳ ಕೊನೆ ಅಲ್ವಾ, ನಾಲ್ಕು ಜನ ಒಂದೇ ಹೊತ್ತಿಗೆ ಬಿಲ್ ಇಳಿಸಿಕೊಳ್ಳಲು ಬಟನ್ ಒತ್ತಿದ್ದರು. ನಾಲ್ಕು ಪಿಡಿಎಫ್‌ಗಳೂ ಬಾರ್‌ಕೋಡ್ ಕೇಳಿದವು, ಕೊಡಲು ಐದನೆಯ ವರ್ಕರ್ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಬ್ಬನೇ ಒತ್ತಿದಾಗ ಕಂಡ ಅದೇ ಡೆಡ್‌ಲಾಕ್ (ಒಬ್ಬರಿಗಾಗಿ ಇನ್ನೊಬ್ಬರು ಕಾದು ಎಲ್ಲರೂ ನಿಲ್ಲುವುದು) ಇಲ್ಲಿ ನಾಲ್ಕು ಜನ ಒತ್ತುವವರೆಗೆ ಕಾದಿತ್ತು. ವೆಬ್‌ರಿಕ್ ನನಗೆ ಮೊದಲ ದಿನವೇ ನಿಜ ತೋರಿಸಿತ್ತು. ನಾನು ಸರ್ವರ್ ಬದಲಿಸಿ ಅದನ್ನು ಮುಚ್ಚಿಟ್ಟಿದ್ದೆ.

ವರ್ಕರ್ ನಾಲ್ಕರಿಂದ ಎಂಟು ಮಾಡೋಣ ಅಂತ ಒಬ್ಬರು ಹೇಳಿದರು. ಬೇಡ ಅಂದೆ, ಎಂಟು ಜನ ಒತ್ತುವ ದಿನವೂ ಬರುತ್ತದೆ. ಬಾರ್‌ಕೋಡ್ ಚಿತ್ರವನ್ನು ಬೇಸ್64 ಮಾಡಿ, ಅಂದರೆ ಅಕ್ಷರಗಳಾಗಿ ಬದಲಿಸಿ, ಪುಟದ ಒಳಗೇ ಇಟ್ಟೆವು. ಈಗ ಪಿಡಿಎಫ್ ಪ್ರೋಗ್ರಾಂ ಹೊರಗೆ ಏನನ್ನೂ ಕೇಳುವ ಹಾಗಿಲ್ಲ. ಆಮೇಲೆ ಪಿಡಿಎಫ್ ಮಾಡುವ ಕೆಲಸವನ್ನೇ ಹಿನ್ನೆಲೆಯಲ್ಲಿ ಕೆಲಸ ಮಾಡುವ ಸೈಡ್‌ಕಿಕ್‌ಗೆ ದಾಟಿಸಿದೆವು. ವೆಬ್ ಸರ್ವರಿನ ವರ್ಕರ್ ಹಲವು ಸೆಕೆಂಡ್ ಹಿಡಿಯುವ ಕೆಲಸಕ್ಕೆ ಕೂರಬಾರದು, ಅದು ಯಾವ ಸರ್ವರ್ ಆದರೂ ಅಷ್ಟೆ.

ಅಲ್ಲಿಂದ ನಾನು ಸರ್ವರ್‌ಗಳನ್ನು ಸರಿಯಾಗಿ ಓದಲು ಶುರು ಮಾಡಿದೆ. ಸರ್ವರಿಗೂ ಆ್ಯಪಿಗೂ ನಡುವೆ 2007ರಲ್ಲಿ ಬಂದ ರಾಕ್ ಅನ್ನುವ ಒಪ್ಪಂದದಿಂದಾಗಿ ರೂಬಿಯಲ್ಲಿ ಸರ್ವರ್ ಬದಲಿಸುವುದು ಸುಲಭ. ಲೈಬ್ರರಿಗಳ ಪಟ್ಟಿಯಾದ ಜೆಮ್‌ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಆ್ಯಪ್ ಎದ್ದು ನಿಲ್ಲುತ್ತದೆ. ಆದರೆ ಎದ್ದು ನಿಂತಿತು ಅಂದ ಮಾತ್ರಕ್ಕೆ ಎರಡು ಸರ್ವರ್ ಒಂದೇ ಥರ ನಡೆದುಕೊಳ್ಳುತ್ತವೆ ಅಂತಲ್ಲ. ಯೂನಿಕಾರ್ನ್ 2009ರದ್ದು. ಒಂದು ಮಾಸ್ಟರ್, ಕೆಳಗೆ ಹಲವು ವರ್ಕರ್ ಪ್ರೊಸೆಸ್, ಒಂದು ವರ್ಕರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್. ನಿಧಾನದ ನೆಟ್‌ವರ್ಕಿನಿಂದ ಯಾರೋ ದೊಡ್ಡ ಫೋಟೊ ಅಪ್‌ಲೋಡ್ ಮಾಡಿದರೆ ಅಷ್ಟೂ ಹೊತ್ತು ಒಂದು ವರ್ಕರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮುಂದೆ ಎಂಜಿನ್‌ಎಕ್ಸ್ ಬೇಕೇ ಬೇಕು. ಅದು ಪೂರ್ತಿ ಫೋಟೊ ತಾನು ತುಂಬಿಕೊಂಡು, ಆಮೇಲೆ ಒಂದೇ ಸಲಕ್ಕೆ ಯೂನಿಕಾರ್ನಿಗೆ ದಾಟಿಸುತ್ತದೆ. ಪ್ಯಾಸೆಂಜರ್ ಅನ್ನುವ ಸರ್ವರನ್ನೂ ಒಂದು ಪ್ರಾಜೆಕ್ಟಿನಲ್ಲಿ ಬಳಸಿದ್ದೇನೆ. ಎಂಜಿನ್‌ಎಕ್ಸ್ ಒಳಗೇ ಕೂರುವುದರಿಂದ ಕಾನ್ಫಿಗ್ ಕಡಿಮೆ. ಆದರೆ ಲ್ಯಾಪ್‌ಟಾಪಿನಲ್ಲಿ ಅದೇ ಜೋಡಣೆಯನ್ನು ಯಾರೂ ಓಡಿಸುತ್ತಿರಲಿಲ್ಲ, ಹಾಗಾಗಿ ನನಗೆ ಅದು ಹಿಡಿಸಲಿಲ್ಲ.

ನಾವು ಥ್ರೆಡ್ ಬಳಸುವ ಪ್ಯೂಮಾ ಸರ್ವರಿಗೆ ಬಂದದ್ದು ರೇಲ್ಸ್ 5.2ಕ್ಕೆ ಏರಿಸುವಾಗ. 2016ರಲ್ಲಿ ಬಂದ ರೇಲ್ಸ್ 5ರಿಂದಲೇ ಹೊಸ ಆ್ಯಪ್‌ಗೆ ಪ್ಯೂಮಾ ತಾನಾಗಿ ಬರುತ್ತದೆ. ಆದರೆ ನಮಗೆ ಕಾರಣ ಅದಲ್ಲ, ಮೆಮೊರಿ. ಮಷೀನಿನಲ್ಲಿ ಇದ್ದದ್ದು 2 ಜಿಬಿ. ಒಂದೊಂದು ಯೂನಿಕಾರ್ನ್ ವರ್ಕರ್ ಸುಮಾರು 300 ಎಂಬಿ ತಿನ್ನುತ್ತಿತ್ತು. ಐದನೆಯದು ಹಾಕಿದರೆ ಸೈಡ್‌ಕಿಕ್‌ಗೆ ಜಾಗ ಇಲ್ಲ. ಇನ್ನೊಂದು ಕಡೆ, ನಮ್ಮ ಎಷ್ಟೋ ರಿಕ್ವೆಸ್ಟ್‌ಗಳು ಹೊರಗಿನ ಪೇಮೆಂಟ್ ಸೇವೆಗೆ ಕೇಳಿ ಎರಡು ಸೆಕೆಂಡ್ ಸುಮ್ನೆ ಕಾಯುತ್ತಿದ್ದವು. ಪೂರ್ತಿ ಒಂದು ವರ್ಕರ್ 300 ಎಂಬಿ ಹಿಡಿದುಕೊಂಡು ಕಾಯುವುದು ದಂಡ. ರೂಬಿಯಲ್ಲಿ ಒಂದು ಪ್ರೊಸೆಸ್ ಒಳಗೆ ಒಂದು ಸಲಕ್ಕೆ ಒಂದೇ ಥ್ರೆಡ್ ರೂಬಿ ಕೋಡ್ ಓಡಿಸಬಹುದು, ಅದಕ್ಕೊಂದು ಬೀಗ ಇದೆ. ಆದರೆ ಡೇಟಾಬೇಸ್ ಉತ್ತರಕ್ಕೋ ನೆಟ್‌ವರ್ಕ್ ಉತ್ತರಕ್ಕೋ ಕಾಯುವಾಗ ಥ್ರೆಡ್ ಆ ಬೀಗವನ್ನು ಬಿಟ್ಟುಕೊಡುತ್ತದೆ. ಅಂದರೆ ಲೆಕ್ಕ ಹಾಕುವ ಕೆಲಸಕ್ಕೆ ಥ್ರೆಡ್‌ನಿಂದ ಲಾಭ ಇಲ್ಲ, ಕಾಯುವ ಕೆಲಸಕ್ಕೆ ತುಂಬಾ ಲಾಭ. ನಮ್ಮದು ಕಾಯುವ ಆ್ಯಪ್. ಎರಡು ವರ್ಕರ್, ತಲಾ ಐದು ಥ್ರೆಡ್ ಅಂತ ಇಟ್ಟು ಟೆಸ್ಟಿಂಗಿಗೆ ಕೊಟ್ಟೆವು.

ಮೂರನೆಯ ದಿನ ಟೆಸ್ಟರ್ ಒಬ್ಬರು ಬಂದು, "ಒಂದು ಸಲ ಮೇಲ್ಗಡೆ ಬೇರೆ ಬ್ರಾಂಚಿನ ಹೆಸರು ಬಂತು, ರಿಫ್ರೆಶ್ ಮಾಡಿದೆ, ಹೋಯ್ತು" ಅಂದರು. ಅವರು ಹಾಗೇ ಬಿಟ್ಟುಬಿಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಮಾತು ಕೇಳಿ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದು ಅಂದರೆ ಸೈಟ್ ನಿಲ್ಲುವುದಕ್ಕಿಂತ ದೊಡ್ಡ ತಪ್ಪು.

ಹುಡುಕಿದಾಗ ಸಿಕ್ಕಿದ್ದು ಹಳೆಯ ಒಂದು ಸಾಲು. ಪ್ರತಿ ರಿಕ್ವೆಸ್ಟಿನ ಮೊದಲಿಗೆ ಲಾಗಿನ್ ಆದವರ ಬ್ರಾಂಚನ್ನು ಬ್ರಾಂಚ್ ಕ್ಲಾಸಿನ ಮೇಲೆಯೇ ಒಂದು ವೇರಿಯೇಬಲ್‌ನಲ್ಲಿ ಇಡುತ್ತಿದ್ದೆವು. ಯೂನಿಕಾರ್ನಿನಲ್ಲಿ ಒಂದು ಪ್ರೊಸೆಸ್ಸಿಗೆ ಒಂದೇ ರಿಕ್ವೆಸ್ಟ್, ಹಾಗಾಗಿ ವರ್ಷಗಟ್ಟಲೆ ತೊಂದರೆ ಆಗಲಿಲ್ಲ. ಪ್ಯೂಮಾದಲ್ಲಿ ಐದು ಥ್ರೆಡ್‌ಗಳಿಗೂ ಅದು ಒಂದೇ ವೇರಿಯೇಬಲ್. ಆದರೆ ಇದೇ ಕಾರಣ ಅಂತ ಕಣ್ಣಾರೆ ನೋಡದೆ ನಾನು ತಿದ್ದುವವನಲ್ಲ. ಬ್ರಾಂಚ್ ಇಡುವ ಸಾಲು ಮತ್ತು ಪುಟ ಬರೆಯುವ ಸಾಲಿನ ನಡುವೆ 'ಸ್ಲೀಪ್ 3' (ಮೂರು ಸೆಕೆಂಡ್ ಸುಮ್ಮನಿರು) ಅಂತ ಹಾಕಿದೆ. ಎರಡು ಬ್ರೌಸರ್ ಪಕ್ಕಪಕ್ಕ ಇಟ್ಟು, ಎರಡು ಬ್ರಾಂಚಿನವರಾಗಿ ಲಾಗಿನ್ ಆದೆ. ಎಡಗಡೆ ಕ್ಲಿಕ್, ಒಂದು ಸೆಕೆಂಡ್ ಬಿಟ್ಟು ಬಲಗಡೆ ಕ್ಲಿಕ್. ಎರಡೂ ಕಡೆ ಬಲಗಡೆಯವರ ಬ್ರಾಂಚೇ ಬಂತು. ಹತ್ತು ಸಲ ಮಾಡಿದರೂ ಹತ್ತು ಸಲವೂ ಹಾಗೇ. ಪ್ರತಿ ರಿಕ್ವೆಸ್ಟಿನ ಮಾಹಿತಿಯನ್ನು ಬೇರೆಬೇರೆಯಾಗಿ ಇಡುವ, ರೇಲ್ಸ್ 5.2ರಲ್ಲೇ ಬಂದ ಕರೆಂಟ್-ಆಟ್ರಿಬ್ಯೂಟ್ಸ್‌ಗೆ ಅದನ್ನು ಬದಲಿಸಿ, ಸ್ಲೀಪ್ ತೆಗೆಯದೆ ಮತ್ತೆ ಕ್ಲಿಕ್ ಮಾಡಿದೆ. ಅವರವರ ಬ್ರಾಂಚ್ ಅವರವರಿಗೆ. ಆಮೇಲೆ ಇಡೀ ಕೋಡ್‌ನಲ್ಲಿ ಕ್ಲಾಸ್ ಮೇಲೆ ಏನೇನು ಇಟ್ಟಿದ್ದೇವೆ ಅಂತ ಒಂದೊಂದಾಗಿ ನೋಡಿದೆವು, ಇನ್ನೆರಡು ಸಿಕ್ಕವು. ಥ್ರೆಡ್ ಸರ್ವರಿಗೆ ಬರುವವರು ಮೊದಲು ಈ ಹುಡುಕಾಟ ಮಾಡಿ, ದಯವಿಟ್ಟು.

ಡೇಟಾಬೇಸ್ ಕನೆಕ್ಷನ್ ಲೆಕ್ಕ ಚಿಕ್ಕದು, ಆದರೆ ಮರೆತರೆ ಕೈಕೊಡುತ್ತದೆ. ಡೇಟಾಬೇಸ್ ಜೊತೆ ಮಾತಾಡುವ ರೇಲ್ಸ್ ಭಾಗವಾದ ಆ್ಯಕ್ಟಿವ್-ರೆಕಾರ್ಡ್ ಇಟ್ಟುಕೊಳ್ಳುವ ಕನೆಕ್ಷನ್‌ಗಳ ಪೂಲ್ ಏನೂ ಹೇಳದಿದ್ದರೆ 5. ಥ್ರೆಡ್ 8 ಮಾಡಿ ಪೂಲ್ 5ರಲ್ಲೇ ಬಿಟ್ಟಾಗ, ಐದು ಸೆಕೆಂಡ್ ಕಾದೆ, ಕನೆಕ್ಷನ್ ಸಿಗಲಿಲ್ಲ ಅನ್ನುವ ಎರರ್ ಬಂತು. ಪೂಲ್ ಥ್ರೆಡ್‌ಗಿಂತ ಕಡಿಮೆ ಇರಬಾರದು. ವರ್ಕರ್ ಸಂಖ್ಯೆಯಿಂದ ಅದನ್ನು ಗುಣಿಸಿ, ಸೈಡ್‌ಕಿಕ್‌ನದ್ದನ್ನೂ ಕೂಡಿಸಿ, ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಕೊಡುವ ಮಿತಿಯೊಳಗೆ ಇದೆಯಾ ನೋಡಿಕೊಳ್ಳಿ. ಅದರ ಡೀಫಾಲ್ಟ್ ಮಿತಿ 100.

ಮೆಮೊರಿ ಉಳಿಸಲು ಬಂದ ನಮಗೆ ಒಂದು ವಾರದಲ್ಲಿ ಪ್ಯೂಮಾ ವರ್ಕರ್ 350ರಿಂದ 600 ಎಂಬಿಗೆ ಏರಿದ್ದು ಕಂಡಿತು. ಮೆಮೊರಿ ಲೀಕ್ (ಬಳಸಿದ ಮೆಮೊರಿಯನ್ನು ವಾಪಸ್ ಬಿಡದಿರುವುದು) ಅಂತ ಎರಡು ದಿನ ಹುಡುಕಿದೆ, ಲೀಕ್ ಇರಲಿಲ್ಲ. ಪ್ರೋಗ್ರಾಂಗಳಿಗೆ ಮೆಮೊರಿ ಕೊಡುವ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿ, ಥ್ರೆಡ್‌ಗಳು ಜಾಸ್ತಿ ಇದ್ದಾಗ ಮೆಮೊರಿಯನ್ನು ಬೇರೆ ಬೇರೆ ಅರೀನಾಗಳಲ್ಲಿ (ಪ್ರತ್ಯೇಕ ಮೆಮೊರಿ ತುಂಡುಗಳಲ್ಲಿ) ಹಂಚುತ್ತದೆ. 64 ಬಿಟ್ ಮಷೀನಿನಲ್ಲಿ ಒಂದು ಕೋರಿಗೆ 8ರವರೆಗೆ. ಪ್ರತಿಯೊಂದರಲ್ಲೂ ಚೂರುಪಾರು ಜಾಗ ಉಳಿದು ಒಟ್ಟು ಬೆಳೆಯುತ್ತದೆ. ಮ್ಯಾಲಾಕ್-ಅರೀನಾ-ಮ್ಯಾಕ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ 2 ಕೊಟ್ಟೆ, 400ರ ಆಸುಪಾಸಿನಲ್ಲಿ ನಿಂತಿತು. ಮೆಮೊರಿ ಕೊಡುವ ಇನ್ನೊಂದು ಲೈಬ್ರರಿಯಾದ ಜೆಮ್ಯಾಲಾಕ್ ಬಳಸಿಯೂ ಇದನ್ನು ಸರಿಮಾಡಬಹುದು. ಇನ್ನೊಂದು ಮಾತು: ಆ್ಯಪನ್ನು ಮೊದಲು ಮಾಸ್ಟರಿನಲ್ಲಿ ಪ್ರೀಲೋಡ್ ಮಾಡಿ ಆಮೇಲೆ ಫೋರ್ಕ್ ಮಾಡಿದರೆ, ಅಂದರೆ ಅದರ ಪ್ರತಿಗಳನ್ನು ಹುಟ್ಟಿಸಿದರೆ, ವರ್ಕರ್‌ಗಳು ಬಹಳಷ್ಟು ಮೆಮೊರಿ ಹಂಚಿಕೊಳ್ಳುತ್ತವೆ. ಆಗ ಆರ್‌ಎಸ್‌ಎಸ್ (ಹಂಚಿಕೊಂಡದ್ದೂ ಸೇರಿ ಒಂದು ಪ್ರೊಸೆಸ್ಸಿನ ಮೆಮೊರಿ) ನೋಡಿ ಕೂಡಿಸಿದರೆ ಅದೇ ಜಾಗವನ್ನು ಎರಡೆರಡು ಸಲ ಎಣಿಸಿದ ಹಾಗೆ. ಹಂಚಿಕೊಂಡ ಜಾಗವನ್ನು ಭಾಗ ಮಾಡಿ ಎಣಿಸುವ ಪಿಎಸ್‌ಎಸ್ ನೋಡಿ.

ಪ್ರೀಲೋಡ್ ಆರಿಸಿಕೊಂಡರೆ ಪ್ಯೂಮಾದಲ್ಲಿ ಒಂದೊಂದೇ ವರ್ಕರನ್ನು ಬದಲಿಸುವ ಹಂತಹಂತದ ರೀಸ್ಟಾರ್ಟ್ ಸಿಗುವುದಿಲ್ಲ. ಎರಡರಲ್ಲಿ ಒಂದು ಬಿಡಬೇಕು. ನಾವು ಮೆಮೊರಿ ಇಟ್ಟುಕೊಂಡೆವು. ಹೊಸ ಕೋಡ್ ಹಾಕುವಾಗ 502 (ಒಳಗಿನ ಸರ್ವರ್ ಸಿಗಲಿಲ್ಲ ಅನ್ನುವ ಎರರ್) ಬರಬಾರದು ಅಂತ, ಲಿನಕ್ಸಿನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಕೈಗೆ ಸಾಕೆಟ್ (ರಿಕ್ವೆಸ್ಟ್ ಬಂದು ಸೇರುವ ಬಾಗಿಲು) ಕೊಟ್ಟೆವು. ಪ್ಯೂಮಾ ಕೆಳಗಿಳಿದು ಮೇಲೇಳುವಷ್ಟು ಹೊತ್ತು ಸಾಕೆಟ್ ತೆರೆದೇ ಇರುತ್ತದೆ, ಬಂದವರು ಸಾಲಿನಲ್ಲಿ ಕಾಯುತ್ತಾರೆ, ವಾಪಸ್ ಹೋಗುವುದಿಲ್ಲ.

ಯಾವ ಸರ್ವರ್ ವೇಗ ಅಂತ ನಾನೂ ಅಳೆದಿದ್ದೇನೆ. ಬರೀ 'ಹಲೋ' ಅನ್ನುವ ಪುಟಕ್ಕೆ ಸಾವಿರಗಟ್ಟಲೆ ರಿಕ್ವೆಸ್ಟ್ ಹೊಡೆದು ಬರುವ ಅಂಕಿ ನಮ್ಮ ಆ್ಯಪ್ ಬಗ್ಗೆ ಏನೂ ಹೇಳಲಿಲ್ಲ. ನಮ್ಮ ಸಮಯವೆಲ್ಲ ಹೋಗುತ್ತಿದ್ದದ್ದು ಡೇಟಾಬೇಸ್ ಮತ್ತು ಪೇಮೆಂಟ್ ಸೇವೆಯಲ್ಲಿ. ಉಪಯೋಗಕ್ಕೆ ಬಂದದ್ದು ಒಂದೇ ಅಳತೆ: ಎಂಜಿನ್‌ಎಕ್ಸ್‌ಗೆ ರಿಕ್ವೆಸ್ಟ್ ಬಂದ ಸಮಯವನ್ನು ಎಕ್ಸ್-ರಿಕ್ವೆಸ್ಟ್-ಸ್ಟಾರ್ಟ್ ಹೆಡರಿನಲ್ಲಿ ಹಾಕಿ ಕಳಿಸುವುದು, ರೇಲ್ಸ್ ಅದನ್ನು ಕೈಗೆತ್ತಿಕೊಂಡ ಸಮಯದಿಂದ ಕಳೆಯುವುದು. ಸಿಗುವುದು ಸಾಲಿನಲ್ಲಿ ಕಾದ ಹೊತ್ತು. ಅದು ಏರಿದರೆ ಥ್ರೆಡ್ಡೋ ವರ್ಕರ್ರೋ ಸಾಲುತ್ತಿಲ್ಲ. ಅದು ಸೊನ್ನೆಯ ಹತ್ತಿರ ಇದ್ದೂ ಪುಟ ನಿಧಾನ ಆದರೆ ತಪ್ಪು ನಮ್ಮ ಕೋಡಿನದ್ದು, ಸರ್ವರ್ ಬದಲಿಸಿ ಪ್ರಯೋಜನ ಇಲ್ಲ.

ಈಗ ಲ್ಯಾಪ್‌ಟಾಪಿನಲ್ಲೂ ಪ್ಯೂಮಾ, ಪ್ರೊಡಕ್ಷನ್ನಿನಲ್ಲೂ ಪ್ಯೂಮಾ, ಥ್ರೆಡ್ ಸಂಖ್ಯೆ ಎರಡೂ ಕಡೆ ಒಂದೇ. ಲ್ಯಾಪ್‌ಟಾಪಿನಲ್ಲಿ ವರ್ಕರ್ ಮಾತ್ರ 0, ಅಂದರೆ ಫೋರ್ಕ್ ಇಲ್ಲದೆ ಒಂದೇ ಪ್ರೊಸೆಸ್. ಯಾಕೆಂದರೆ ಡಿಬಗರ್ ಹಾಕಿ ಕೋಡನ್ನು ನಡುವೆ ನಿಲ್ಲಿಸಿದಾಗ ವರ್ಕರ್ ಮಾಸ್ಟರಿಗೆ ಓಗೊಡುವುದಿಲ್ಲ, 60 ಸೆಕೆಂಡಿನ ನಂತರ ಮಾಸ್ಟರ್ ಅದನ್ನು ಕೊಂದುಬಿಡುತ್ತದೆ. ಕೋಡ್ ಮೇಲೆ ಯೋಚಿಸುತ್ತಾ ಕೂತಿರುವಾಗ ಹಾಗಾದರೆ ಬಹಳ ಬೇಜಾರು. ಆದರೆ ರಿಲೀಸಿಗೆ ಮೊದಲು ಒಂದು ಸಲ ಎರಡು ವರ್ಕರ್ ಕೊಟ್ಟು, ಮುಂದೆ ಎಂಜಿನ್‌ಎಕ್ಸ್ ಇಟ್ಟು, ಪ್ರೊಡಕ್ಷನ್ ಮೋಡಿನಲ್ಲೇ ಇಲ್ಲಿ ಓಡಿಸುತ್ತೇನೆ. ಪೈಥಾನಿನಲ್ಲಿ ಕೆಲಸ ಮಾಡುವ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ಪೈಥಾನಿನ ವೆಬ್ ಚೌಕಟ್ಟಾದ ಜಾಂಗೋದ ರನ್‌ಸರ್ವರ್ ಪ್ರೊಡಕ್ಷನ್ನಿಗೆ ಅಲ್ಲ ಅಂತ ಜಾಂಗೋದವರೇ ಸ್ಪಷ್ಟವಾಗಿ ಬರೆದಿದ್ದಾರೆ, ಹಾಗಾಗಿ ಅಲ್ಲಿ ಗುನಿಕಾರ್ನ್ ಸರ್ವರ್ ಹಾಕುವವರು ಅದನ್ನು ತಮ್ಮ ಮಷೀನಿನಲ್ಲೂ ಆಗಾಗ ಓಡಿಸಿ ನೋಡಬೇಕು. ವೆಬ್‌ರಿಕ್ ಅಂತೂ 2020ರ ರೂಬಿ 3.0ರಿಂದ ರೂಬಿಯ ಜೊತೆ ಬರುವುದೇ ನಿಂತಿದೆ.

ರೇಲ್ಸ್ 7.2ರಲ್ಲಿ ಹೊಸ ಆ್ಯಪ್‌ಗೆ ಕೊಡುವ ಥ್ರೆಡ್ ಸಂಖ್ಯೆಯನ್ನು 5ರಿಂದ 3ಕ್ಕೆ ಇಳಿಸಿದರು. ಥ್ರೆಡ್ ಜಾಸ್ತಿ ಆದಷ್ಟೂ ಒಂದೊಂದು ರಿಕ್ವೆಸ್ಟೂ ರೂಬಿಯ ಆ ಥ್ರೆಡ್ ಬೀಗಕ್ಕಾಗಿ ಕಾಯುವ ಹೊತ್ತು ಜಾಸ್ತಿ ಆಗುತ್ತದೆ ಅನ್ನುವುದು ಕಾರಣ. ಪೇಮೆಂಟ್ ಸೇವೆಯ ಕರೆಗಳನ್ನೂ ನಾವು ಅಷ್ಟರಲ್ಲಿ ಸೈಡ್‌ಕಿಕ್‌ಗೆ ಕಳಿಸಿದ್ದೆವು, ಹಾಗಾಗಿ ನಮ್ಮದು ಮೊದಲಿನಷ್ಟು ಕಾಯುವ ಆ್ಯಪ್ ಆಗಿ ಉಳಿದಿರಲಿಲ್ಲ. 3 ಮಾಡಿ, ತಿಂಗಳ ಕೊನೆ ದಾಟುವವರೆಗೆ ಸಾಲಿನಲ್ಲಿ ಕಾದ ಹೊತ್ತನ್ನು ದಿನಾ ನೋಡಿದೆ. ಏರಲಿಲ್ಲ. ಲ್ಯಾಪ್‌ಟಾಪಿನಲ್ಲೂ 3 ಮಾಡಿ ಕಮಿಟ್ ಮಾಡಿದೆ.